ದೇವರ ಹತ್ತಿರ ದೂರು ಹೇಳುವುದು ಹೇಗೆ

ಮಾಡದ ತಪ್ಪಿಗೆ ನೋವು ತಿನ್ನುತ್ತಿದ್ದೀರಾ? ಹಾಗಾದರೆ ಇವತ್ತಿನ ಪ್ರಾರ್ಥನೆಯನ್ನು ಸ್ತೋತ್ರದಿಂದಲೇ ಶುರು ಮಾಡಬೇಕು ಅಂತ ಇಲ್ಲ. ಬೈಬಲಿನ ಕೀರ್ತನೆ 13 ತೆಗೆಯಿರಿ. ಆರೇ ವಚನ. ಮೊದಲ ಎರಡರಲ್ಲೇ "ಇನ್ನೂ ಎಷ್ಟು ದಿನ?" ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ.

ನನ್ನ ವಿಷಯ ಹೇಳುತ್ತೇನೆ. ನಾನಿದ್ದ ಅಂಗಡಿಯಲ್ಲಿ ಕ್ಯಾಷ್ ಕಡಿಮೆ ಬಂತು, ಅವತ್ತು ಕೌಂಟರ್‌ನಲ್ಲಿ ನಾನಿದ್ದೆ, ಕಳ್ಳತನ ನನ್ನ ತಲೆಗೆ ಕಟ್ಟಿ ಮನೆಗೆ ಕಳಿಸಿದರು. ಚರ್ಚ್ ಸಭೆಯವರು ಬಂದು "ದೇವರ ಚಿತ್ತಮ್ಮಾ, ಎಲ್ಲದಕ್ಕೂ ಸ್ತೋತ್ರ ಹೇಳು" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ನಾನೂ ಹೇಳಿದೆ. ಬಾಯಿ ಸ್ತೋತ್ರ ಹೇಳುತ್ತಿತ್ತು, ಹೊಟ್ಟೆಯೊಳಗೆ ಬೆಂಕಿ ಹಾಗೇ ಇತ್ತು, ಮೂರು ವಾರ ಕಳೆಯುವಷ್ಟರಲ್ಲಿ ಪ್ರಾರ್ಥನೆಯೇ ನಿಂತುಹೋಯಿತು. ಸಿಟ್ಟು ನುಂಗಿಕೊಂಡು ಯಾರ ಜೊತೆ ತಾನೇ ಮಾತಾಡಲು ಆಗುತ್ತದೆ, ಹೇಳಿ?

ಒಬ್ಬರೇ ಇರುವ ಜಾಗಕ್ಕೆ ಹೋಗಿ. ಟೆರೇಸ್ ಆದರೂ ಸರಿ, ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲಾದರೂ ಸರಿ. ದನಿ ಬರದಿದ್ದರೂ ಪರವಾಗಿಲ್ಲ. ಮಕ್ಕಳಿಲ್ಲವೆಂದು ಅತ್ತು ಬೇಡಿದ ಬೈಬಲಿನ ಹನ್ನಳಿಗೂ ಬರಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು, ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ!

"ಕರ್ತನೇ, ನನ್ನ ಕಷ್ಟ ನೋಡು" ಅಂದರೆ ಸಾಲದು. ಯಾರು, ಯಾವತ್ತು, ಏನಂದರು, ನಿಮಗೆ ಏನು ಹೋಯಿತು, ಎಲ್ಲ ಬಿಡಿಸಿ ಹೇಳಿ. ಆಮೇಲೆ ದೇವರನ್ನೇ ಕೇಳಿ: ಅವತ್ತು ನೀನೆಲ್ಲಿದ್ದೆ? ಹೆದರಬೇಡಿ. ಕೀರ್ತನೆ 44 "ಎದ್ದೇಳು, ಯಾಕೆ ನಿದ್ದೆ ಮಾಡುತ್ತೀ" ಅಂತ ದೇವರನ್ನೇ ಎಬ್ಬಿಸುತ್ತದೆ. ತಪ್ಪಿಲ್ಲದೆಯೇ ಎಲ್ಲ ಕಳೆದುಕೊಂಡ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸಿದ, ದೇವರು ನನಗೆ ಅನ್ಯಾಯ ಮಾಡಿದ ಅಂತಲೂ ಅಂದ. ದೇವರು ಅವನನ್ನೂ ಗಟ್ಟಿಯಾಗಿಯೇ ಕೇಳಿದ, ನಿಜ. ಆದರೆ ಕೊನೆಗೆ ಸಿಟ್ಟಾಗಿದ್ದು ದೇವರ ಪರ ವಕಾಲತ್ತು ಮಾಡಿದ ಅವನ ಸ್ನೇಹಿತರ ಮೇಲೆ. ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂದ. ಯೋಬನ ಪುಸ್ತಕದ 42ನೇ ಅಧ್ಯಾಯ ಓದಿ ನೋಡಿ.

ಮೋಸ ಮಾಡಿದವರ ಮೇಲಿನ ಸೇಡನ್ನೂ ಅಲ್ಲೇ ಸುರಿಯಿರಿ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಬೇಡ. ನಿಮಗೆ ಏನು ಬೇಕು ಅನ್ನುವುದನ್ನೂ ಕೇಳಿ. ನಾನು "ನನ್ನ ಹೆಸರು ನನಗೆ ವಾಪಸ್ ಕೊಡು" ಅಂತ ಕೇಳಿದೆ.

ದೇವರಿಗೆ ಹೇಳಿದೆವು, ಇನ್ನು ಸುಮ್ನೆ ಇರಬೇಕು ಅಂತಲ್ಲ. ಯೇಸು ಹೇಳಿದ ಕಥೆಯ ವಿಧವೆ ನ್ಯಾಯಾಧಿಪತಿಯ ಹತ್ತಿರ ಮತ್ತೆ ಮತ್ತೆ ಹೋದಳು, ಅಲ್ವಾ? ಲೇಬರ್ ಆಫೀಸಿಗೆ ಹೋಗಿ, ಠಾಣೆಗೆ ಹೋಗಿ. ಮನೆಯಲ್ಲಿ ಹೊಡೆತ ತಿನ್ನುತ್ತಿದ್ದರೆ ಮೊದಲು 112ಕ್ಕೆ ಫೋನ್ ಮಾಡಿ, ಹೆಂಗಸರಿಗೆ 181 ಇದೆ. ಪ್ರಾರ್ಥನೆ ಆಮೇಲೆ ಮಾಡಿದರೂ ದೇವರು ಕೇಳಿಸಿಕೊಳ್ಳುತ್ತಾನೆ.

ಇಷ್ಟೆಲ್ಲ ಆದ ಮೇಲೂ ಮನಸ್ಸು ಹಗುರ ಆಗದೇ ಇರಬಹುದು. ಎಳೆದು ತಂದು ಸಮಾಧಾನ ಹಚ್ಚಬೇಡಿ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಯಾರೂ ಅದಕ್ಕೆ ಒಳ್ಳೆಯ ಕೊನೆ ಸೇರಿಸಲಿಲ್ಲ.

ಸಾಧ್ಯವಾದರೆ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಬುದ್ಧಿ ಹೇಳದವರನ್ನು. ಯೋಬನ ಸ್ನೇಹಿತರೂ ಮೊದಲ ಏಳು ದಿನ ಬಾಯಿ ಬಿಡದೆ ನೆಲದ ಮೇಲೆ ಕೂತಿದ್ದರು, ಅವರು ಮಾಡಿದ್ದರಲ್ಲಿ ಅದೇ ಒಳ್ಳೆಯದು. ನನ್ನ ಪಕ್ಕ ಹಾಗೆ ಕೂತವರು ನಮ್ಮ ಅತ್ತಿಗೆ. ಕಾಫಿ ತಂದಿಟ್ಟರು, ನಾನು ಅಳುವಷ್ಟು ಹೊತ್ತೂ ಇದ್ದರು, ಆಮೇಲೆ ಆ 88ನ್ನು ಮೆಲ್ಲಗೆ ಓದಿ "ನಾಳೆ ಬರ್ತೀನಿ" ಅಂದು ಎದ್ದು ಹೋದರು.