ಜೋಮು ಮೇಲಕ್ಕೆ ಹತ್ತುತ್ತಿದೆಯಾ? ಎಣ್ಣೆ ಬಾಟಲಿ ಪಕ್ಕಕ್ಕಿಡಿ

ಕಾಲಿಗೆ ಜೋಮು ಹಿಡಿದರೆ ನಾಲ್ಕು ಹೆಜ್ಜೆ ಓಡಾಡಿ ಸರಿ ಮಾಡಿಕೊಳ್ಳುತ್ತೇವೆ. ಅದು ಬಿಡದೆ ಪಾದದಿಂದ ಮೇಲಕ್ಕೆ ಹತ್ತುತ್ತಾ ಬಂದರೆ? ಹೊಟ್ಟೆಗೆ ಬೆಲ್ಟ್ ಬಿಗಿದಂತಾಗಿ, ಕಾಲು ಸೋತು, ಮೂತ್ರವೂ ಕಟ್ಟಿಕೊಂಡರೆ? ‘ಡಿಸ್ಕ್ ಇರಬೇಕು, ಎಣ್ಣೆ ತಿಕ್ಕು’ ಅನ್ನುವವರು ಮನೆಗೊಬ್ಬರು ಇರುತ್ತಾರೆ. ಆದರೆ ಇದು ಬೆನ್ನುಹುರಿಯ ಉರಿಯೂತವೂ ಆಗಿರಬಹುದು. ಹೆಸರು ಟ್ರಾನ್ಸ್‌ವರ್ಸ್ ಮೈಲೈಟಿಸ್. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 8 ಮಂದಿಗೆ ಬರುವ ಅಪರೂಪದ ಕಾಯಿಲೆ.

ಎಷ್ಟೋ ಸಲ ಜ್ವರವೋ ನೆಗಡಿಯೋ ಬಂದು ಹೋದ ಮೇಲೆ ಇದು ಶುರುವಾಗುತ್ತದೆ. ಸೋಂಕಿನ ವಿರುದ್ಧ ಹೋರಾಡಬೇಕಾದ ರೋಗನಿರೋಧಕ ಶಕ್ತಿ ತಪ್ಪಿ ಬೆನ್ನುಹುರಿಯ ಮೇಲೇ ತಿರುಗಿಬೀಳುತ್ತದೆ. ಊತ ಎಲ್ಲಿದೆಯೋ ಅದರ ಕೆಳಗಿನ ಭಾಗಕ್ಕೆ ತೊಂದರೆ. ಕುತ್ತಿಗೆಯಲ್ಲಿದ್ದರೆ ಕೈಗಳಿಗೂ ಬರುತ್ತದೆ.

ಮೊದಲ ಕೆಲಸ, ಅವತ್ತೇ ಹೊರಡುವುದು. ಕೆಲವು ಗಂಟೆಗಳಿಂದ ಮೂರು ವಾರದೊಳಗೆ ಕಾಯಿಲೆ ಪೂರ್ತಿ ಜೋರಾಗುತ್ತದೆ, ನಾಳೆ ನೋಡೋಣ ಅನ್ನುವಂತಿಲ್ಲ. ಎಂಆರ್‌ಐ ಮತ್ತು ನರರೋಗ ತಜ್ಞರು ಇರುವ ಆಸ್ಪತ್ರೆಯೇ ಬೇಕು. ಬೆಂಗಳೂರಿನವರಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಸಿಲ್ಕ್ ಬೋರ್ಡ್ ಕಡೆಯಿಂದ ಬರುವವರು ಟ್ರಾಫಿಕ್ ನೆನೆದು ಬೇಗ ಹೊರಡಿ. ಜೋಮು ಎಂದು ಶುರುವಾಯಿತು, ಕೊನೆಗೆ ಮೂತ್ರ ಹೋಗಿದ್ದು ಎಷ್ಟು ಹೊತ್ತಿಗೆ, ಇವನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಆಮೇಲೆ ಎಂಆರ್‌ಐ. ಎಡವುವುದು ಇಲ್ಲೇ ಜಾಸ್ತಿ. ಕಾಲು ಸೋತಿದೆ ಎಂದು ಬರೀ ಸೊಂಟದ ಸ್ಕ್ಯಾನ್ ಮಾಡಿಸಿದರೆ ಸಾಲದು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಊತ ಎದೆಯ ಮಟ್ಟದಲ್ಲಿದ್ದರೆ ಆ ಫಿಲ್ಮಿನಲ್ಲಿ ಕಾಣುವುದಿಲ್ಲ. ಬದಲಿಗೆ ವಯಸ್ಸಿಗೆ ಸಹಜವಾದ ಡಿಸ್ಕ್ ಉಬ್ಬು ಕಾಣಿಸಿ, ಎಲ್ಲರೂ ಅದನ್ನೇ ನಂಬಿಬಿಡುತ್ತಾರೆ. ‘ಪೂರ್ತಿ ಬೆನ್ನುಹುರಿಯದ್ದು ಬೇಡವಾ ಡಾಕ್ಟ್ರೇ?’ ಎಂದು ಕೇಳಲು ಸಂಕೋಚ ಬೇಡ. ಕ್ಷಯದ ಕೀವೋ ಗಡ್ಡೆಯೋ ಹುರಿಯನ್ನು ಒತ್ತುತ್ತಿದ್ದರೆ ಅದೂ ಗೊತ್ತಾಗುತ್ತದೆ. ಆಗ ಚಿಕಿತ್ಸೆಯ ದಾರಿಯೇ ಬೇರೆ.

ಪರೀಕ್ಷೆಗೆ ಬೆನ್ನಿನಿಂದ ನೀರು ತೆಗೆಯುತ್ತಾರೆ ಎಂದರೆ ಮನೆಯವರು ಹೆದರುತ್ತಾರೆ. ಸೂಜಿ ಹಾಕುವುದು ಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಅದರಿಂದ ಕಾಲು ಬಿದ್ದುಹೋಗುತ್ತದೆ ಎಂಬುದು ಸುಮ್ನೆ ಭಯ. ರಕ್ತದಲ್ಲಿ ಅಕ್ವಾಪೊರಿನ್-4 ಮತ್ತು ಮಾಗ್ (MOG) ಪ್ರತಿಕಾಯಗಳನ್ನೂ, ಅಂದರೆ ನಮ್ಮ ನರಮಂಡಲದ ಮೇಲೇ ತಿರುಗಿಬೀಳುವ ರೋಗನಿರೋಧಕ ಅಂಶಗಳನ್ನೂ ನೋಡುತ್ತಾರೆ. ಅವು ಇದ್ದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಇರುತ್ತದೆ. ಅಕ್ವಾಪೊರಿನ್ ಪ್ರತಿಕಾಯ ಸಿಕ್ಕವರು ವರ್ಷಗಟ್ಟಲೆ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ. ‘ಈಗ ಚೆನ್ನಾಗಿದ್ದೀನಲ್ಲ’ ಎಂದು ನಿಲ್ಲಿಸಬಾರದು.

ಚಿಕಿತ್ಸೆಗೆ ಸಾಮಾನ್ಯವಾಗಿ ದಿನಕ್ಕೆ 1 ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, 3ರಿಂದ 5 ದಿನ ಡ್ರಿಪ್‌ನಲ್ಲಿ. ಶುಗರ್ ಇದ್ದವರು ಮೊದಲೇ ಹೇಳಿ, ಸ್ಟೀರಾಯ್ಡ್ ಅದನ್ನು ಏರಿಸುತ್ತದೆ. ಸ್ಟೀರಾಯ್ಡ್‌ಗೆ ಕಾಯಿಲೆ ಬಗ್ಗದಿದ್ದರೆ ಪ್ಲಾಸ್ಮಾ ಬದಲಾವಣೆ, ಅಂದರೆ ರಕ್ತದ ದ್ರವಭಾಗವನ್ನು ತೆಗೆದು ಬೇರೆ ದ್ರವ ತುಂಬುವುದು, 5ರಿಂದ 7 ಸಲ.

ಮನೆಗೆ ಬಂದ ಮೇಲಿನದು ಉದ್ದದ ಕೆಲಸ. ಸುಮಾರು ಮೂರನೇ ಒಂದು ಭಾಗದವರು ಚೆನ್ನಾಗಿ ಸುಧಾರಿಸುತ್ತಾರೆ, ಅಷ್ಟೇ ಜನರಿಗೆ ಒಂದಿಷ್ಟು ತೊಂದರೆ ಉಳಿಯುತ್ತದೆ, ಉಳಿದವರಿಗೆ ಜಾಸ್ತಿಯೇ. ಚೇತರಿಕೆ ಎರಡು ವರ್ಷದವರೆಗೂ ಸಾಗಬಹುದು, ಹಾಗಾಗಿ ಫಿಸಿಯೋಥೆರಪಿ ಬಿಡಬೇಡಿ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಹಾಸಿಗೆ ಹುಣ್ಣು ಬೀಳುತ್ತದೆ. ಬಿಸಿನೀರಿನ ಚೀಲ ಕಾಲಿನ ಹತ್ತಿರ ಬೇಡವೇ ಬೇಡ. ಸ್ನಾನದ ನೀರನ್ನು ಅವರ ಕಾಲಿಗೆ ಸುರಿಯುವ ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ. ಸುಟ್ಟರೂ ಆ ಪಾದಕ್ಕೆ ಗೊತ್ತಾಗುವುದಿಲ್ಲ.