ಜೂನ್‌ಗೆ ಮಳೆ, ಸೆಪ್ಟೆಂಬರ್‌ಗೆ ನೆರಳು

ನಮ್ಮದು ಸಕಲೇಶಪುರ ತಾಲ್ಲೂಕಿನಲ್ಲಿ ಕಾಫಿ ತೋಟಗಳ ನಡುವೆ ಇರುವ ಒಂದು ಹಿರಿಯ ಪ್ರಾಥಮಿಕ ಶಾಲೆ. ಆರು ಮತ್ತು ಏಳನೇ ತರಗತಿ ಸೇರಿ 23 ಮಕ್ಕಳು, ಎರಡೂ ತರಗತಿ ಒಂದೇ ಕೋಣೆಯಲ್ಲಿ. ಸಮಾಜ ವಿಜ್ಞಾನ ನನ್ನ ಪಾಲಿಗೆ ಬಂದಿದೆ. ವಾರದಲ್ಲಿ ಎರಡು ಅವಧಿ ಭೂಗೋಳಕ್ಕೆ ಸಿಕ್ಕರೆ ಅದೇ ಹೆಚ್ಚು.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪುಸ್ತಕದ ಪರಿವಿಡಿ ಮುಂದಿಟ್ಟುಕೊಂಡು, ಅಧ್ಯಾಯಗಳನ್ನು ತಿಂಗಳುಗಳಿಗೆ ಭಾಗಿಸಿ, ವಾರ್ಷಿಕ ಪಾಠ ಹಂಚಿಕೆ ಬರೆದು ಮುಖ್ಯ ಶಿಕ್ಷಕರಿಂದ ಸಹಿ ಹಾಕಿಸಿಕೊಂಡೆ. ಅದರ ಪ್ರಕಾರ ಜುಲೈನಲ್ಲಿ ಮರುಭೂಮಿ ಬಂತು. ಹೆಂಚಿನ ಮೇಲೆ ಮಳೆ ಹೊಡೆಯುತ್ತಿದ್ದ ಸದ್ದಿನಲ್ಲಿ ನನ್ನ ಸಹಾರಾ ಮುಂದಿನ ಬೆಂಚಿಗೂ ಕೇಳಿಸಲಿಲ್ಲ. ನದಿಯ ಪಾಠ ಬಂದಾಗ ಜನವರಿ ಕಳೆದಿತ್ತು. ಮಕ್ಕಳನ್ನು ಹಳ್ಳದ ಹತ್ತಿರ ಕರೆದುಕೊಂಡು ಹೋದರೆ ಅಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ. "ಮಿಸ್, ಮಳೆಗಾಲದಲ್ಲಿ ಬರ್ಬೇಕಿತ್ತು, ಆಗ ಈ ಸೇತುವೇನೇ ಕಾಣ್ಸಲ್ಲ" ಎಂದ ಒಬ್ಬ. ಅವನ ಮಾತು ಸರಿಯಾಗಿತ್ತು. ಪಾಠದ ಕ್ರಮ ತಪ್ಪಾಗಿದ್ದದ್ದು ನನ್ನದು.

ಮುಂದಿನ ಬೇಸಿಗೆ ರಜೆಯಲ್ಲಿ ಪುಸ್ತಕ ಮುಚ್ಚಿಟ್ಟು ಒಂದು ದೊಡ್ಡ ಹಾಳೆ ತೆಗೆದೆ. ಜೂನ್‌ನಿಂದ ಏಪ್ರಿಲ್ ತನಕ ಒಂದೊಂದು ತಿಂಗಳ ಎದುರಿಗೆ, ಆ ತಿಂಗಳು ನಮ್ಮೂರಲ್ಲಿ ಕಣ್ಣಿಗೆ ಏನು ಕಾಣುತ್ತದೆ ಎಂದಷ್ಟೇ ಬರೆದೆ. ಜೂನ್, ಜುಲೈ, ಆಗಸ್ಟ್: ಮಳೆ, ಮಳೆ, ಮತ್ತೆ ಮಳೆ. ಸೆಪ್ಟೆಂಬರ್: ನಡುನಡುವೆ ಬಿಸಿಲು. ದಸರಾ ರಜೆ ಮುಗಿದ ಮೇಲೆ: ಒಣಗಿದ ದಾರಿ, ನಡೆಯಬಹುದು. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಭತ್ತದ ಕೊಯ್ಲು. ಜನವರಿ: ತಿಳಿ ಆಕಾಶ, ದೂರದ ಗುಡ್ಡ. ಫೆಬ್ರವರಿ, ಮಾರ್ಚ್: ಕಾಫಿ ಹೂ ಅರಳಿಸುವ ಹೂಮಳೆ, ಪರೀಕ್ಷೆ. ಆಮೇಲೆ ಪುಸ್ತಕ ತೆರೆದು, ಯಾವ ಅಧ್ಯಾಯ ಯಾವ ತಿಂಗಳ ಪಕ್ಕ ಕೂರುತ್ತದೆ ಎಂದು ನೋಡಿದೆ. ಮುಕ್ಕಾಲು ಪಾಲು ಕೂತವು. ಉಳಿದದ್ದನ್ನು ಮಳೆಯ ದಿನಗಳಿಗೆ ತುಂಬಿದೆ.

ಜೂನ್ ಮೊದಲ ವಾರ, ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದ ಜೊತೆಗೇ ಮಳೆ ಅಳೆಯುವುದು ಶುರು. ಎರಡು ಲೀಟರಿನ ನೇರ ಬದಿಯ ಬಾಟಲಿ, ಮೇಲ್ಭಾಗ ಕತ್ತರಿಸಿ ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಬೇಕು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಸ್ವಲ್ಪ ಸಿಮೆಂಟ್ ಸುರಿದು ಸಮ ಮಾಡಿ, ಅಲ್ಲಿಂದ ಸೊನ್ನೆ ಎಂದು ಅಳತೆಪಟ್ಟಿ ಅಂಟಿಸಿದೆ. ಹವಾಮಾನ ಇಲಾಖೆಯವರಂತೆ ನಾವೂ ಬೆಳಿಗ್ಗೆ 8:30ಕ್ಕೆ ಓದುತ್ತೇವೆ. ಮಳೆ ರಜೆ ಕೊಟ್ಟ ದಿನವೂ ಅಳತೆ ತಪ್ಪಬಾರದು, ಏಕೆಂದರೆ ರಜೆ ಕೊಡುವುದೇ ಮಳೆ ಜೋರಾಗಿರುವ ದಿನ. ಶಾಲೆಯ ಪಕ್ಕದ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಇಬ್ಬರು ಮಕ್ಕಳಿಗೆ ಆ ಕೆಲಸ.

ಇಲ್ಲಿ ಮಳೆಯ ಲೆಕ್ಕ ಗೊತ್ತಿಲ್ಲದ ಮನೆಯೇ ಇಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು. ಪ್ರತಿ ತೋಟದಲ್ಲೂ ಮಳೆಮಾಪಕ ಇದೆ, ಆದರೆ ಲೆಕ್ಕ ಮಿಲಿಮೀಟರಿನಲ್ಲಲ್ಲ, ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟು ಒಂದು ಇಂಚು. ಪಕ್ಕದ ತೋಟದಲ್ಲಿ ಲೆಕ್ಕ ಬರೆಯುವ ರೈಟರು ಒಂದು ಬೆಳಿಗ್ಗೆ "ನೆನ್ನೆ ನಮ್ಮಲ್ಲಿ ಮೂರು ಇಂಚು ಇಪ್ಪತ್ತು ಸೆಂಟು ಮಿಸ್" ಎಂದರು. ಮಕ್ಕಳು 25.4ರಿಂದ ಗುಣಿಸಿದರು: 81 ಮಿಲಿಮೀಟರ್. ನಮ್ಮ ಬಾಟಲಿಯಲ್ಲಿ 70. ಎಲ್ಲಿ ಹೋಯಿತು 11 ಮಿಲಿಮೀಟರ್ ಎಂದು ಕೋಣೆಯಲ್ಲಿ ದೊಡ್ಡ ಜಗಳ. ರೈಟರು ಸುಳ್ಳು ಹೇಳುತ್ತಾರೆ ಎಂದವರೂ ಇದ್ದರು. ಕೊನೆಗೆ ಹೊರಗೆ ಹೋಗಿ ನೋಡಿದರೆ ಬಾಟಲಿ ಹಲಸಿನ ಮರದ ಕೊಂಬೆಯ ಕೆಳಗೆ. ಅದನ್ನು ಬಯಲಿಗೆ ಒಯ್ದ ಮೇಲೆ ಇಬ್ಬರ ಲೆಕ್ಕವೂ ಹತ್ತಿರ ಬಂತು. ಅಳತೆಯ ಸ್ಥಳವೂ ಅಳತೆಯ ಭಾಗ ಎಂದು ನಾನು ಹೇಳಿಕೊಟ್ಟಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಅಜ್ಜಿಯರ ಲೆಕ್ಕ ಇನ್ನೊಂದು. ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆ ನಕ್ಷತ್ರಗಳ ಪಟ್ಟಿ ಮನೆಯಿಂದ ಬರೆಸಿಕೊಂಡು ಬರಲು ಹೇಳಿದೆ. "ಆರಿದ್ರ ಮಳೆ ಆರದೆ ಹುಯ್ಯುತ್ತೆ" ಎಂಬ ಮಾತನ್ನು ನಮ್ಮ ಬಾಟಲಿಯ ಅಂಕಿಯ ಪಕ್ಕ ಇಟ್ಟು ನೋಡಿದೆವು. ಒಂದು ವರ್ಷ ನಿಜವಾಯಿತು, ಮರುವರ್ಷ ಆರಿದ್ರ ಅರ್ಧಕ್ಕೇ ಆರಿತು. ಆದರೆ ಈ ಪಟ್ಟಿ ಚಂದ್ರನದ್ದಲ್ಲ, ಸೂರ್ಯನದ್ದು. ಸೂರ್ಯ ಒಂದು ನಕ್ಷತ್ರ ದಾಟಲು ಹದಿಮೂರು ಹದಿನಾಲ್ಕು ದಿನ ಬೇಕು, ಹಾಗಾಗಿಯೇ ಆರಿದ್ರ ವರ್ಷವೂ ಜೂನ್ 22ರ ಸುಮಾರಿಗೇ ಬರುತ್ತದೆ. ಇದನ್ನು ಮೂಢನಂಬಿಕೆಯ ಪಾಠಕ್ಕೆ ಸೇರಿಸುವ ಮೇಷ್ಟ್ರುಗಳ ಬಗ್ಗೆ ನನಗೆ ಸಿಟ್ಟಿದೆ.

ಬಿದ್ದ ನೀರು ಎಲ್ಲಿ ಹೋಯಿತು ಎಂಬುದು ಮುಂದಿನ ಪ್ರಶ್ನೆ. ಶಾಲೆಯ ಎರಡಿಳಿಜಾರಿನ ಮಾಡನ್ನೇ ತೋರಿಸಿದೆ. ನೆತ್ತಿಯ ಹೆಂಚಿಗೆ ಬಿದ್ದ ಹನಿ ಅರ್ಧ ಈ ಕಡೆ, ಅರ್ಧ ಆ ಕಡೆ. ನಮ್ಮ ತಾಲ್ಲೂಕೂ ಅಂಥದೇ ಮಾಡು. ಬಿಸಿಲೆ ಕಡೆಯ ದಾರಿಯಲ್ಲಿ ಒಂದು ಗುರುತಿನ ಕಲ್ಲಿದೆ: ಪಶ್ಚಿಮಕ್ಕೆ ಬಿದ್ದ ಮಳೆ ಕುಮಾರಧಾರೆಗೆ, ಅದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ. ಪೂರ್ವಕ್ಕೆ ಬಿದ್ದದ್ದು ಹೇಮಾವತಿಗೆ, ಕೃಷ್ಣರಾಜಸಾಗರದ ಹತ್ತಿರ ಕಾವೇರಿಗೆ, ತಮಿಳುನಾಡು ದಾಟಿ ಬಂಗಾಳ ಕೊಲ್ಲಿಗೆ. ಗೋಡೆಯ ನಕ್ಷೆಯ ಮೇಲೆ ಎರಡೂ ದಾರಿಗೆ ನೂಲು ಹಿಡಿದು ಅಳೆಯುತ್ತೇವೆ. ಪಶ್ಚಿಮದ ನೂಲು ಗೇಣೂ ಇಲ್ಲ ಎಂದು ಮಕ್ಕಳಿಗೆ ನಂಬಲಾಗುವುದಿಲ್ಲ.

ಇದರ ಜೊತೆಗೆ ದಿನಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ನಮ್ಮ ಮಳೆ ಒಂದು ಗೆರೆ, ಜಲಾಶಯದ ಮಟ್ಟ ಇನ್ನೊಂದು ಗೆರೆ, ಒಂದೇ ಗ್ರಾಫ್ ಹಾಳೆಯಲ್ಲಿ. ನಮ್ಮ ಗೆರೆ ಏರಿದ ಸ್ವಲ್ಪ ಹೊತ್ತಿನ ಮೇಲೆ ಆ ಗೆರೆ ಏರುತ್ತದೆ. ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿ ಇಗರ್ಜಿಯನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದರು. ಅದನ್ನು ಮುಳುಗಿಸುವ ನೀರಿನಲ್ಲಿ ತಮ್ಮ ಅಂಗಳದ ಪಾಲೂ ಇದೆ ಎಂಬುದು ಅವರಿಗೆ ಹೊಸದು.

ಸೆಪ್ಟೆಂಬರ್ 23ಕ್ಕೆ ನೆರಳು. ಹಗಲು ರಾತ್ರಿ ಸಮವಾಗುವ ಆ ದಿನ ಸೂರ್ಯ ಸಮಭಾಜಕದ ನೆತ್ತಿಯ ಮೇಲಿರುತ್ತಾನೆ, ಹಾಗಾಗಿ ನೆರಳಿನ ಕೋನವೇ ಊರಿನ ಅಕ್ಷಾಂಶ. ಒಂದು ಮೀಟರ್ ಕೋಲನ್ನು ತೂಕದ ದಾರ ಹಿಡಿದು ನೆಟ್ಟಗೆ ನೆಡಬೇಕು. ನಡುಮಧ್ಯಾಹ್ನದ ನೆರಳು 23 ಸೆಂಟಿಮೀಟರ್ ಬರುತ್ತದೆ. ಇದನ್ನು ಹತ್ತನೇ ಒಂದು ಅಳತೆಯಲ್ಲಿ ನೋಟ್‌ಬುಕ್ಕಿನಲ್ಲಿ ಎಳೆದು ಕೋಲಿನ ತುದಿಯಲ್ಲಿ ಕೋನಮಾಪಕ ಇಟ್ಟರೆ 13 ಡಿಗ್ರಿ. ಆಮೇಲೆ ಅಟ್ಲಾಸ್ ತೆರೆಯಿರಿ ಎನ್ನುತ್ತೇನೆ. ನಮ್ಮೂರಿನ ಅಕ್ಷಾಂಶ 13! ಮಂಗಳೂರು, ಹಾಸನ, ಬೆಂಗಳೂರು, ಚೆನ್ನೈ ಎಲ್ಲ ಹೆಚ್ಚುಕಡಿಮೆ ಅದೇ ಗೆರೆಯ ಮೇಲೆ. ಮೋಡವಿದ್ದರೆ ಒಂದೆರಡು ದಿನ ಆಚೀಚೆ ಮಾಡಿ, ನೆರಳು ದಿನಕ್ಕೆ ಮುಕ್ಕಾಲು ಸೆಂಟಿಮೀಟರಿಗಿಂತ ಹೆಚ್ಚು ಬದಲಾಗುವುದಿಲ್ಲ. ದಸರಾ ಬೇಗ ಬಂದ ವರ್ಷ ಇದು ಮಾರ್ಚ್ 21ಕ್ಕೆ ಹೋಗುತ್ತದೆ.

ನಡುಮಧ್ಯಾಹ್ನ ಎಂದರೆ ಗಡಿಯಾರದ 12 ಅಲ್ಲ, ಇಲ್ಲಿ ನಾನೇ ಎಡವಿದ್ದೆ. ಕೋಲಿನ ಸುತ್ತ 45 ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆದು, ನೆರಳಿನ ತುದಿ ಬೆಳಿಗ್ಗೆ ಅದನ್ನು ಮುಟ್ಟಿದ ಹೊತ್ತು, ಮಧ್ಯಾಹ್ನ ಮತ್ತೆ ಮುಟ್ಟಿದ ಹೊತ್ತು ಬರೆದುಕೊಳ್ಳಬೇಕು. ನಮಗೆ ಸಿಕ್ಕಿದ್ದು 10:55 ಮತ್ತು 1:41. ಎರಡರ ನಡು 12:18. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವು ಅದಕ್ಕಿಂತ ಸುಮಾರು 6.7 ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ 4 ನಿಮಿಷದಂತೆ 27 ನಿಮಿಷ ತಡವಾಗಬೇಕು. ಮತ್ತೆ 18 ಯಾಕೆ? ಆ ರಾತ್ರಿ ನಿದ್ದೆ ಬರಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯ ಗಡಿಯಾರಕ್ಕಿಂತ ಏಳೆಂಟು ನಿಮಿಷ ಮುಂದಿರುತ್ತಾನೆ, ಮಾರ್ಚ್‌ನಲ್ಲಿ ಅಷ್ಟೇ ಹಿಂದೆ. ಭೂಮಿಯ ದಾರಿ ಪೂರ್ತಿ ವೃತ್ತವಲ್ಲ, ಅಕ್ಷವೂ ವಾಲಿದೆ, ಅದರ ಪರಿಣಾಮ. ಮಕ್ಕಳಿಗೆ ಇದನ್ನು ವಿವರಿಸಲು ಹೋಗಬೇಡಿ. ಆದರೆ ಮಾರ್ಚ್‌ನಲ್ಲಿ 12:34 ಬಂದಾಗ ಅಳತೆ ತಪ್ಪಿತು ಎಂದು ಅವರನ್ನು ಬೈಯಲೂ ಹೋಗಬೇಡಿ.

ದಸರಾ ನಂತರ ನಕ್ಷೆ. ಗ್ರಾಮ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇನೆ. ನಮ್ಮ ಹಾಳೆಯ ಅಳತೆ 1:7920, ಅಂದರೆ ಒಂದು ಇಂಚಿಗೆ ಒಂದು ಫರ್ಲಾಂಗು. ಹಾಗಾಗಿ ಒಂದು ಚದರ ಇಂಚು ಸರಿಯಾಗಿ ಹತ್ತು ಎಕರೆ, 400 ಗುಂಟೆ. ಪ್ರಮಾಣ ಎಂದರೇನು ಎಂದು ಎರಡು ವರ್ಷ ತಲೆಗೆ ಹತ್ತದವರು, ತಮ್ಮ ಗದ್ದೆಯ ಸರ್ವೆ ನಂಬರ್ ಹುಡುಕಿ ಗುಂಟೆ ಲೆಕ್ಕ ಹಾಕುವಾಗ ಹಿಡಿದುಬಿಟ್ಟರು. ಒಂದು ಎಚ್ಚರಿಕೆ: ಜಮೀನಿಲ್ಲದ ಮಕ್ಕಳೂ ಕೋಣೆಯಲ್ಲಿರುತ್ತಾರೆ. ಮೊದಲ ಸಲ ನನಗೆ ಅದು ಹೊಳೆಯದೆ, ಲೈನ್ ಮನೆಯ ಹುಡುಗಿಯೊಬ್ಬಳು ಸುಮ್ಮನೆ ಕೂತಿದ್ದಳು. ಈಗ ಎಲ್ಲರೂ ಅಳೆಯುವುದು ಶಾಲೆ, ಕೆರೆ, ಗೋಮಾಳ.

ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗೆ ಹಾಸನದ ಆಲೂಗೆಡ್ಡೆಗಿಂತ ಒಳ್ಳೆಯ ಉಪಕರಣ ಇಲ್ಲ. ಉದ್ದಕ್ಕೆ ಸೀಳಿದ ದೊಡ್ಡ ಗೆಡ್ಡೆಯನ್ನು ಕವುಚಿ ಹಾಕಿದರೆ ಅದೇ ಗುಡ್ಡ. ಸಮ ದಪ್ಪದ ಬಿಲ್ಲೆಗಳಾಗಿ ನೆಲಕ್ಕೆ ಸಮಾನಾಂತರವಾಗಿ ಕೊಯ್ದು (ಚಾಕು ನನ್ನ ಕೈಯಲ್ಲೇ), ಒಂದೊಂದನ್ನೂ ಹಾಳೆಯ ಮೇಲೆ ಇಟ್ಟು ಸುತ್ತ ಗೆರೆ ಎಳೆದರೆ ಒಂದರೊಳಗೊಂದು ರೇಖೆಗಳು. ಕಡಿದಾದ ಬದಿಯಲ್ಲಿ ಗೆರೆಗಳು ಒತ್ತಿಕೊಂಡಿರುತ್ತವೆ. ಆಮೇಲೆ 1:50,000ರ ಹಾಳೆಯಲ್ಲಿ ಘಾಟಿ ತೋರಿಸಿದರೆ "ಅಬ್ಬಾ, ಎಷ್ಟು ಬಿಲ್ಲೆ!" ಎನ್ನುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲಿಗೆ 57 ಸುರಂಗ ಯಾಕೆ ಬೇಕಾಯಿತು ಎಂದು ಆಗ ಬೇರೆ ಹೇಳಬೇಕಾಗಿಲ್ಲ. ಗೆಡ್ಡೆಗಳು ಮರುದಿನ ಬಿಸಿಯೂಟದ ಸಾಂಬಾರಿಗೆ.

ಖಂಡಗಳ ಪಾಠವೇ ಕಷ್ಟದ್ದು. ಅದನ್ನು ಕಾಫಿ ಕೊಯ್ಲಿಗೆ ಕಟ್ಟಿದೆ. ಚೀಲದ ರೇಟು ಎಷ್ಟು ಎಂದು ಮಕ್ಕಳು ಮನೆಯಿಂದ ತಿಳಿದು ಬರುತ್ತಾರೆ. ಯಾಕೆ ಏರಿತು, ಯಾಕೆ ಇಳಿಯಿತು ಎಂದು ಹೊರಟರೆ ಬ್ರೆಜಿಲ್ ತಲುಪುತ್ತೇವೆ, ಅಲ್ಲಿಂದ ವಿಯೆಟ್ನಾಂ, ಇಥಿಯೋಪಿಯ, ಯೆಮನ್. 2021ರ ಜುಲೈನಲ್ಲಿ ಬ್ರೆಜಿಲ್‌ನ ತೋಟಗಳಿಗೆ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟವು, ಕಾಫಿಯ ಬೆಲೆ ಏರಿತು. "ಜುಲೈನಲ್ಲಿ ಚಳೀನಾ ಮಿಸ್?" ಎಂಬ ಆ ಒಂದು ಪ್ರಶ್ನೆಯಿಂದ ದಕ್ಷಿಣಾರ್ಧಗೋಳದ ಋತುಗಳು ಅರ್ಧ ಗಂಟೆಯಲ್ಲಿ ಮುಗಿದವು. ಅಂಟಾರ್ಕ್ಟಿಕಕ್ಕೆ ಇಂಥ ದಾರಿ ಇನ್ನೂ ಸಿಕ್ಕಿಲ್ಲ. ಅದನ್ನು ಪುಸ್ತಕದಂತೆಯೇ ಮಾಡುತ್ತೇನೆ, ಮಕ್ಕಳೂ ಪುಸ್ತಕದಂತೆಯೇ ಮರೆಯುತ್ತಾರೆ.

ಎರಡು ತರಗತಿ ಒಂದೇ ಕೋಣೆಯಲ್ಲಿ ಇರುವವರಿಗೆ ಒಂದು ಮಾತು. ಹೊರಗಿನ ಕೆಲಸ ಎಲ್ಲರಿಗೂ ಒಟ್ಟಿಗೆ, ಪುಸ್ತಕದ ಅಧ್ಯಾಯ ಬೇರೆ ಬೇರೆ. ಮಳೆ ಅಳೆಯುವುದು ಎರಡೂ ವರ್ಷ ಇರುತ್ತದೆ, ಆದರೆ ಏಳನೆಯವರು ಗ್ರಾಫ್ ಎಳೆಯುತ್ತಾರೆ, ಆರನೆಯವರು ಪಟ್ಟಿ ಬರೆಯುತ್ತಾರೆ. ಈ ಅಂಕಿಗಳನ್ನೇ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ದಾಖಲಿಸುತ್ತೇನೆ, ಹಾಗಾಗಿ ಹೆಚ್ಚುವರಿ ಬರವಣಿಗೆ ಇಲ್ಲ. ಒಮ್ಮೆ ಪರಿಶೀಲನೆಗೆ ಬಂದ ಅಧಿಕಾರಿಯೊಬ್ಬರು ಅಧ್ಯಾಯಗಳ ಕ್ರಮ ಹಿಂದುಮುಂದಾಗಿದೆ ಎಂದು ಆಕ್ಷೇಪ ಬರೆದರು. ಅಂದಿನಿಂದ ಪಾಠ ಹಂಚಿಕೆಯಲ್ಲಿ ಪ್ರತಿ ತಿಂಗಳ ಎದುರಿಗೆ ಕಾರಣಕ್ಕೆಂದೇ ಒಂದು ಕಾಲಂ ಇಟ್ಟಿದ್ದೇನೆ. ಆಮೇಲೆ ಯಾರೂ ಕೇಳಿಲ್ಲ.

ಬಾಕಿ ಉಳಿದದ್ದು ಶೂನ್ಯ ನೆರಳಿನ ದಿನ, ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬಂದು ಕೋಲಿಗೆ ನೆರಳೇ ಇಲ್ಲದ ದಿನ. ನಮ್ಮ ಅಕ್ಷಾಂಶಕ್ಕೆ ಅದು ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು. ಮೊದಲನೆಯದಕ್ಕೆ ಶಾಲೆ ಇಲ್ಲ, ಎರಡನೆಯದಕ್ಕೆ ಸೂರ್ಯ ಇಲ್ಲ. ಮೂರು ವರ್ಷದಿಂದ ಆಗಸ್ಟ್ 18ಕ್ಕೆ ಕೋಲು ನೆಟ್ಟು, ಕೊಡೆ ಹಿಡಿದು, ಸುತ್ತ ನಿಂತು ವಾಪಸ್ ಬಂದಿದ್ದೇವೆ. ಈ ಸಲವೂ ನೆಡುತ್ತೇವೆ. ಅದಕ್ಕೂ ಮೊದಲು ಹೊಸ ಬಾಟಲಿ ಬೇಕು. ಹಳೆಯದನ್ನು ಮೊನ್ನೆ ಮಂಗ ಎತ್ತಿಕೊಂಡು ಹೋಗಿ ಹಲಸಿನ ಮರದ ತುದಿಯಲ್ಲಿ ಕೂರಿಸಿದೆ.