ವಾಲ್ವ್ ರೋಗಿಗೆ ಆಪರೇಷನ್: ಮಾತ್ರೆ ನಿಲ್ಲಿಸುವ ದಿನಕ್ಕಿಂತ ಶುರು ಮಾಡುವ ದಿನ ಮುಖ್ಯ

ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರು ಹರ್ನಿಯಾಕ್ಕೋ ಗರ್ಭಕೋಶದ ಆಪರೇಷನ್ನಿಗೋ ಬಂದಾಗ ಕೇಸ್ ಶೀಟಿನಲ್ಲಿ ನಾನು ಮೊದಲು ಬರೆಯುವುದು ರಕ್ತ ತೆಳು ಮಾಡುವ ಮಾತ್ರೆಯನ್ನು ಮತ್ತೆ ಶುರು ಮಾಡುವ ತಾರೀಖು. ನಿಲ್ಲಿಸುವ ತಾರೀಖು ಆಮೇಲೆ. ನಿಲ್ಲಿಸುವುದನ್ನು ಯಾರೂ ಮರೆಯುವುದಿಲ್ಲ. ಸರ್ಜನ್ ಕೇಳುತ್ತಾರೆ, ಅರಿವಳಿಕೆ ಡಾಕ್ಟರು ಕೇಳುತ್ತಾರೆ, ವಾರ್ಡಿನ ಸಿಸ್ಟರ್ ಕೇಳುತ್ತಾರೆ. ಶುರು ಮಾಡಿದಿರಾ ಎಂದು ಕೇಳುವವರು ಮಾತ್ರ ಸಿಗುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಆ್ಯಂಟಿಬಯೋಟಿಕ್ ಇರುತ್ತದೆ, ನೋವಿನ ಮಾತ್ರೆ ಇರುತ್ತದೆ, ಗ್ಯಾಸ್ ಮಾತ್ರೆಯೂ ಇರುತ್ತದೆ. ರಕ್ತ ತೆಳು ಮಾಡುವ ಅಸಿಟ್ರಾಮ್ ಮಾತ್ರೆ ಮಾತ್ರ ಇರುವುದಿಲ್ಲ. ಬರೆದುಕೊಟ್ಟದ್ದಷ್ಟನ್ನೇ ನುಂಗಬೇಕೆಂದು ರೋಗಿ ನಂಬಿಕೊಂಡು ಮನೆಗೆ ಹೋಗುತ್ತಾರೆ.

ಇದನ್ನು ಓದುತ್ತಿರುವ ವಾಲ್ವ್ ರೋಗಿಗಳಿಗೂ ಮನೆಯವರಿಗೂ ಮೊದಲೇ ಹೇಳಿಬಿಡುತ್ತೇನೆ: ಕೆಳಗಿನ ಲೆಕ್ಕ ನೋಡಿಕೊಂಡು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಡಾಕ್ಟರ ಹತ್ತಿರ ಸರಿಯಾದ ಪ್ರಶ್ನೆ ಕೇಳಲು ಮಾತ್ರ ಇದನ್ನು ಬಳಸಿ.

ಮೊದಲು ನೋಡುವುದು ವಾಲ್ವ್ ಕಾರ್ಡ್. ಬೆಂಗಳೂರಿನ ಜಯದೇವದಲ್ಲಾಗಲಿ ಬೇರೆಲ್ಲೇ ಆಗಲಿ, ವಾಲ್ವ್ ಹಾಕಿದವರು ಒಂದು ಕಾರ್ಡ್ ಕೊಟ್ಟಿರುತ್ತಾರೆ. ಅದರಲ್ಲಿ ಯಾವ ಕಂಪನಿಯ ವಾಲ್ವ್, ಯಾವ ಜಾಗ, ಯಾವ ಸೈಜ್, ಯಾವ ದಿನ ಹಾಕಿದ್ದು ಎಲ್ಲ ಇರುತ್ತದೆ. ಮುಖ್ಯವಾದದ್ದು ಜಾಗ. ಮೈಟ್ರಲ್ ಜಾಗದಲ್ಲಿ, ಅಂದರೆ ಹೃದಯದ ಎಡಭಾಗದ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ, ರಕ್ತ ಕಡಿಮೆ ಒತ್ತಡದಲ್ಲಿ, ನಿಧಾನವಾಗಿ ಹರಿಯುತ್ತದೆ. ಹಾಗಾಗಿ ಅಲ್ಲಿ ಹೆಪ್ಪುಗಟ್ಟುವ ಭಯ ಹೆಚ್ಚು. ಅಯೋರ್ಟಿಕ್ ಜಾಗದಲ್ಲಿ, ಅಂದರೆ ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಲ್ಲಿ, ರಕ್ತ ರಭಸದಿಂದ ನುಗ್ಗುವುದರಿಂದ ಅಪಾಯ ಕಡಿಮೆ. ನಮ್ಮ ಕಡೆ ರುಮ್ಯಾಟಿಕ್ ಜ್ವರದಿಂದ ಕೆಟ್ಟ ವಾಲ್ವ್‌ಗಳೇ ಜಾಸ್ತಿಯಾದ್ದರಿಂದ ನಮ್ಮ ಮುಂದೆ ಬಂದು ಕೂರುವವರಲ್ಲಿ ಮೈಟ್ರಲ್‌ನವರು ತುಂಬಾ. ವಾಲ್ವ್‌ನ ಮಾದರಿಯೂ ಲೆಕ್ಕಕ್ಕೆ ಬರುತ್ತದೆ. ಸೇಂಟ್ ಜೂಡ್‌ನದು ಎರಡು ಎಲೆಯ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ರೂಪಿಸಿದ, 1990ರಿಂದ ಬಳಕೆಯಲ್ಲಿರುವ ಚಿತ್ರಾ ವಾಲ್ವ್‌ನಲ್ಲಿ ವಾಲಿ ತೆರೆಯುವ ಒಂದೇ ಬಿಲ್ಲೆ ಇದೆ. ಹಳೆಯ ಚೆಂಡು-ಪಂಜರದ ವಾಲ್ವ್ ಇರುವವರು ಈಗ ಅಪರೂಪ, ಆದರೆ ಅವರದೇ ಅತಿ ಹೆಚ್ಚು ಅಪಾಯ.

ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಮಾಡುತ್ತದೆ ಎಂದು ತೋರಿಸುವ ಪರೀಕ್ಷೆಯ ಅಂಕಿ; ಅದು ಹೆಚ್ಚಿದಷ್ಟೂ ರಕ್ತ ತೆಳು. ಎರಡು ಎಲೆಯ ಅಯೋರ್ಟಿಕ್ ವಾಲ್ವ್‌ಗೆ ಐಎನ್‌ಆರ್ 2.5ರ ಆಸುಪಾಸು, ಅಂದರೆ 2ರಿಂದ 3ರೊಳಗೆ ಇರಬೇಕು. ಮೈಟ್ರಲ್‌ಗೆ 3ರ ಆಸುಪಾಸು, ಅಂದರೆ 2.5ರಿಂದ 3.5. ವಾಲ್ವ್ ಹಾಕಿ ಮೂರು ತಿಂಗಳೂ ಆಗಿಲ್ಲದಿದ್ದರೆ, ಮುಂದೂಡಬಹುದಾದ ಯಾವ ಆಪರೇಷನ್ನನ್ನೂ ನಾನು ಒಪ್ಪುವುದಿಲ್ಲ.

ಎರಡನೆಯದು, ಮಾತ್ರೆ ಯಾವುದು? "ರಕ್ತದ ಮಾತ್ರೆ ತಗೋತೀನಿ ಡಾಕ್ಟ್ರೇ" ಅಂದರೆ ಸಾಲದು, ಸ್ಟ್ರಿಪ್ಪೇ ಕಣ್ಣಿಗೆ ಬೀಳಬೇಕು. ಅಸಿಟ್ರಾಮ್ ಎಂದು ಸಿಗುವ ಅಸೆನೊಕೌಮರಾಲ್‌ನ ಅರ್ಧಾಯುಷ್ಯ, ಅಂದರೆ ಮೈಯಲ್ಲಿನ ಔಷಧಿ ಅರ್ಧಕ್ಕಿಳಿಯುವ ಸಮಯ, ಸುಮಾರು 8ರಿಂದ 11 ಗಂಟೆ. ವಾರ್ಫರಿನ್‌ನದು ಸುಮಾರು 36ರಿಂದ 42 ಗಂಟೆ. ಆದ್ದರಿಂದ ವಾರ್ಫರಿನ್ನಿಗೆ ಐದು ದಿನದ ಬಿಡುವು ಬೇಕು, ಅಸಿಟ್ರಾಮ್‌ಗೆ ಎರಡು ಮೂರು ದಿನ ಸಾಕು. ಪುಸ್ತಕಗಳು ಹೆಚ್ಚಾಗಿ ವಾರ್ಫರಿನ್ನಿನದೇ ಲೆಕ್ಕ ಕೊಡುತ್ತವೆ. ಅದನ್ನು ನೋಡಿಕೊಂಡು ಅಸಿಟ್ರಾಮ್‌ನವರಿಗೂ ಐದು ದಿನ ನಿಲ್ಲಿಸಿದರೆ ಎರಡು ದಿನ ವಾಲ್ವ್‌ಗೆ ಸುಮ್ಮನೆ ರಕ್ಷಣೆ ತಪ್ಪುತ್ತದೆ. ನಮ್ಮ ವಾರ್ಡುಗಳಲ್ಲಿ ನಿಜವಾಗಿ ಆಗುವ ತಪ್ಪು ಇದು.

ಡಾಬಿಗಟ್ರಾನ್, ಅಪಿಕ್ಸಬಾನ್, ರಿವರೊಕ್ಸಬಾನ್‌ನಂಥ ಹೊಸ ಮಾತ್ರೆಗಳು ಲೋಹದ ವಾಲ್ವ್‌ಗೆ ಆಗುವುದಿಲ್ಲ. ಡಾಬಿಗಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನು ಹೆಪ್ಪುಗಟ್ಟುವಿಕೆಯೂ ರಕ್ತಸ್ರಾವವೂ ಹೆಚ್ಚಾದ್ದರಿಂದ ಅರ್ಧಕ್ಕೇ ಕೈಬಿಟ್ಟರು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅಪಿಕ್ಸಬಾನ್ ಪ್ರಯೋಗವೂ 2022ರಲ್ಲಿ ನಿಂತಿತು. "ಐಎನ್‌ಆರ್ ಪರೀಕ್ಷೆಯ ತಾಪತ್ರಯ ಇಲ್ಲ" ಎಂದು ಆಪರೇಷನ್ ನಂತರ ಈ ಮಾತ್ರೆಗೆ ಬದಲಾಯಿಸಿ ಕಳಿಸುವುದನ್ನು ಕಂಡರೆ ಸುಮ್ಮನಿರಬೇಡಿ.

ಇನ್ನು, ನಿಲ್ಲಿಸಲೇಬೇಕೇ ಎಂಬ ಪ್ರಶ್ನೆ. ಹಲ್ಲು ಕೀಳಲು ಬೇಡ. ಹನಿ ಹಾಕಿ ಮಾಡುವ ಕಣ್ಣಿನ ಪೊರೆ ಆಪರೇಷನ್ನಿಗೆ ಬೇಡ. ಚರ್ಮದ ಮೇಲಿನ ಸಣ್ಣ ಗಂಟು ತೆಗೆಯಲು ಬೇಡ. ಎಂಡೋಸ್ಕೋಪಿಯಲ್ಲಿ ನೋಡಿ ಒಂದು ಬಯಾಪ್ಸಿ ತೆಗೆಯಲೂ ಬೇಡ. ಹಲ್ಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಂದು ದವಡೆ ಹಲ್ಲಿಗೋಸ್ಕರ ವಾರಗಟ್ಟಲೆ ಮಾತ್ರೆ ಬಿಟ್ಟವರು ಇದ್ದಾರೆ. ಹಿಂದಿನ ದಿನ ಅಥವಾ ಅದೇ ಬೆಳಿಗ್ಗೆ ಐಎನ್‌ಆರ್ ನೋಡಿ, 3.5ರೊಳಗಿದ್ದರೆ ಹಲ್ಲು ಕೀಳಬಹುದು. ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಹಲ್ಲು ಬೇಡ. ಬೆಳಿಗ್ಗೆಯೇ ಕೀಳಿಸಿ, ರಕ್ತ ಬಂದರೆ ಹಗಲಲ್ಲೇ ನೋಡಬಹುದು. ಗುಳಿಯಲ್ಲಿ ಜಿಲಾಟಿನ್ ಸ್ಪಂಜು ಇಟ್ಟು ಹೊಲಿಗೆ ಹಾಕಿಸಿ. 500 ಮಿ.ಗ್ರಾಂ. ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆಯನ್ನು ಪುಡಿ ಮಾಡಿ 10 ಮಿ.ಲೀ. ನೀರಿನಲ್ಲಿ ಕದಡಿದರೆ ಶೇ. 5ರ ದ್ರಾವಣ. ಅದನ್ನು ಬಾಯಲ್ಲಿ ಎರಡು ನಿಮಿಷ ಇಟ್ಟುಕೊಂಡು ಉಗುಳಬೇಕು, ದಿನಕ್ಕೆ ನಾಲ್ಕು ಸಲ, ಎರಡು ದಿನ. ಜೋರಾಗಿ ಮುಕ್ಕಳಿಸಿದರೆ ಗುಳಿಯಲ್ಲಿ ಕಟ್ಟಿದ ಹೆಪ್ಪೇ ಕಿತ್ತುಬರುತ್ತದೆ. ಎಂಡೋಕಾರ್ಡೈಟಿಸ್ (ಹೃದಯದ ಒಳಪದರ, ವಾಲ್ವ್‌ಗಳ ಸೋಂಕು) ಆಗದಂತೆ, ಪೆನಿಸಿಲಿನ್ ಅಲರ್ಜಿ ಇಲ್ಲದವರಿಗೆ, ಹಲ್ಲು ಕೀಳುವ ಅರ್ಧದಿಂದ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ. ಮರೆಯಬೇಡಿ.

ಹೊಟ್ಟೆ, ಮೂಳೆ, ಪ್ರಾಸ್ಟೇಟ್, ಬೆನ್ನುಹುರಿ, ಮೆದುಳು ಇವುಗಳಿಗೆಲ್ಲ ನಿಲ್ಲಿಸಲೇಬೇಕು. ಬೆನ್ನಿಗೆ ಸೂಜಿ ಚುಚ್ಚಿ ಅರಿವಳಿಕೆ ಕೊಡುವುದಿದ್ದರೂ ಅಷ್ಟೇ.

ಮಾತ್ರೆ ನಿಂತಿರುವ ದಿನಗಳಲ್ಲಿ ಹೆಪಾರಿನ್ ಸೇತುವೆ, ಅಂದರೆ ಮಾತ್ರೆಯ ಬದಲು ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್, ಬೇಕೇ? ಎಲ್ಲರಿಗೂ ಬೇಡ. ಬರೀ ಎರಡು ಎಲೆಯ ಅಯೋರ್ಟಿಕ್ ವಾಲ್ವ್, ಹೃದಯದ ಬಡಿತ ಸರಿ, ಪಂಪಿಂಗ್ ಸರಿ, ಹಿಂದೆ ಲಕ್ವ ಹೊಡೆದಿಲ್ಲ ಎಂದಾದರೆ ಹೆಪಾರಿನ್ ಇಲ್ಲದೆಯೇ ನಿಲ್ಲಿಸಿ ಶುರು ಮಾಡುತ್ತೇವೆ. ಮೈಟ್ರಲ್ ವಾಲ್ವ್, ಜೊತೆಗೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವುದು), ಹಿಂದೆ ಲಕ್ವ, ಪಂಪಿಂಗ್ ಕಡಿಮೆ, ಹಳೆಯ ಮಾದರಿಯ ವಾಲ್ವ್: ಇವುಗಳಲ್ಲಿ ಯಾವುದಿದ್ದರೂ ಹೆಪಾರಿನ್ ಬಗ್ಗೆ ಯೋಚಿಸುತ್ತೇವೆ. ಈಚಿನ ವರ್ಷಗಳಲ್ಲಿ ಮಾರ್ಗಸೂಚಿಗಳು ಸೇತುವೆಯನ್ನು ಕಡಿಮೆ ಮಾಡುವತ್ತ ವಾಲಿವೆ, ಏಕೆಂದರೆ ಹೆಪಾರಿನ್ನಿನಿಂದ ರಕ್ತಸ್ರಾವ ಹೆಚ್ಚುವುದು ಖಚಿತ, ಲಾಭ ಅಷ್ಟು ಖಚಿತವಲ್ಲ. ಅದು ಒಪ್ಪತಕ್ಕ ಮಾತೇ. ಆದರೂ ಮೈಟ್ರಲ್ ವಾಲ್ವ್ ಜೊತೆಗೆ ಏಟ್ರಿಯಲ್ ಫಿಬ್ರಿಲೇಷನ್ ಇರುವವರಿಗೆ ನಾನು ಈಗಲೂ ಕೊಡುತ್ತೇನೆ. ಮಾತ್ರೆಯೇ ಇಲ್ಲದಿದ್ದರೆ ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ವರಿಗೆ ದೊಡ್ಡ ಹೆಪ್ಪು ಸಿಡಿದು ಹೋಗುತ್ತದೆ ಎಂಬ ಹಳೆಯ ಲೆಕ್ಕವನ್ನು 365ರಿಂದ ಭಾಗಿಸಿ, ನಾಲ್ಕು ದಿನಕ್ಕೆ ಏನೂ ಆಗುವುದಿಲ್ಲ ಎನ್ನುವವರಿದ್ದಾರೆ. ಆಪರೇಷನ್ ಆದ ಮೈ ಗಾಯ ಮುಚ್ಚಲೆಂದು ತಾನೇ ರಕ್ತವನ್ನು ಹೆಪ್ಪುಗಟ್ಟುವ ಕಡೆಗೆ ತಳ್ಳುತ್ತಿರುತ್ತದೆ. ಮೇಲೆ ಹಾಸಿಗೆ ಹಿಡಿದಿರುತ್ತಾರೆ, ನೀರು ಕಡಿಮೆ ಕುಡಿದಿರುತ್ತಾರೆ. ಆ ನಾಲ್ಕು ದಿನ ಮಾಮೂಲಿ ನಾಲ್ಕು ದಿನಗಳಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 60 ಕೆ.ಜಿ. ತೂಕದ ಹೆಂಗಸು, ಮೈಟ್ರಲ್ ವಾಲ್ವ್, ಏಟ್ರಿಯಲ್ ಫಿಬ್ರಿಲೇಷನ್, ಕಿಡ್ನಿ ಸರಿಯಾಗಿದೆ, ಅಸಿಟ್ರಾಮ್ 2 ಮಿ.ಗ್ರಾಂ., ಗುರುವಾರ ಬೆಳಿಗ್ಗೆ 8ಕ್ಕೆ ಹರ್ನಿಯಾ. ಕೊನೆಯ ಮಾತ್ರೆ ಭಾನುವಾರ ಸಂಜೆ. ಸೋಮವಾರ, ಮಂಗಳವಾರ, ಬುಧವಾರ ಮಾತ್ರೆ ಇಲ್ಲ. ವಾರ್ಫರಿನ್ ಆಗಿದ್ದರೆ ಕೊನೆಯದು ಹಿಂದಿನ ಶುಕ್ರವಾರ ಸಂಜೆ. ಮಂಗಳವಾರ ಬೆಳಿಗ್ಗೆ ಐಎನ್‌ಆರ್; 2ಕ್ಕಿಂತ ಇಳಿದಿದ್ದರೆ ಎನಾಕ್ಸಪ್ಯಾರಿನ್ (ಚರ್ಮದಡಿ ಚುಚ್ಚುವ ಒಂದು ಬಗೆಯ ಹೆಪಾರಿನ್) ಶುರು, ಕೆ.ಜಿ.ಗೆ 1 ಮಿ.ಗ್ರಾಂ.ನಂತೆ 60 ಮಿ.ಗ್ರಾಂ., 12 ಗಂಟೆಗೊಮ್ಮೆ. ಮಂಗಳವಾರ ಬೆಳಿಗ್ಗೆ 8, ರಾತ್ರಿ 8, ಬುಧವಾರ ಬೆಳಿಗ್ಗೆ 8. ಅಲ್ಲಿಗೆ ಮುಗಿಯಿತು. ಬುಧವಾರ ರಾತ್ರಿಯ ಇಂಜೆಕ್ಷನ್ ಕೊಡಬಾರದು, ಕೊನೆಯ ಡೋಸಿಗೂ ಆಪರೇಷನ್ನಿಗೂ 24 ಗಂಟೆ ಇರಲೇಬೇಕು. ಚಾರ್ಟಿನಲ್ಲಿ "ದಿನಕ್ಕೆರಡು" ಎಂದಷ್ಟೇ ಬರೆದಿದ್ದರೆ ರಾತ್ರಿ ಪಾಳಿಯ ಸಿಸ್ಟರ್ ಕೊಟ್ಟೇ ಕೊಡುತ್ತಾರೆ, ತಪ್ಪು ಅವರದಲ್ಲ. ಚಾರ್ಟಿನ ಆ ಚೌಕದಲ್ಲಿ ಕೆಂಪು ಶಾಯಿಯಲ್ಲಿ "ಇಲ್ಲ" ಎಂದು ಬರೆಯಬೇಕು.

ಬುಧವಾರ ಬೆಳಿಗ್ಗೆ ಇನ್ನೊಂದು ಐಎನ್‌ಆರ್. 1.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸರಿ. 1.8ರ ಹತ್ತಿರ ನಿಂತಿದ್ದರೆ ಮಾತ್ರೆಯ ಪರಿಣಾಮ ಇಳಿಸುವ ವಿಟಮಿನ್ ಕೆಯನ್ನು 1ರಿಂದ 2.5 ಮಿ.ಗ್ರಾಂ.ನಷ್ಟು ಬಾಯಿಂದ ಕೊಟ್ಟು ಮರುದಿನ ಬೆಳಿಗ್ಗೆ ಮತ್ತೆ ನೋಡುತ್ತೇವೆ. ಆಂಪ್ಯೂಲಿನ 10 ಮಿ.ಗ್ರಾಂ. ಇಡೀ ಕೊಟ್ಟುಬಿಟ್ಟರೆ ಆಪರೇಷನ್ ಸಲೀಸು, ಆದರೆ ಆಮೇಲೆ ವಾರದ ಮೇಲಾದರೂ ಐಎನ್‌ಆರ್ ಏಳುವುದಿಲ್ಲ.

ಕಿಡ್ನಿಯ ಕೆಲಸವನ್ನು ಅಳೆಯುವ ಕ್ರಿಯಾಟಿನಿನ್ ಕ್ಲಿಯರೆನ್ಸ್ 30ಕ್ಕಿಂತ ಕಡಿಮೆ ಇರುವವರಿಗೆ ಎನಾಕ್ಸಪ್ಯಾರಿನ್ ಮೈಯಲ್ಲಿ ಉಳಿದುಕೊಳ್ಳುತ್ತದೆ. ಅಂಥವರನ್ನು ಅಡ್ಮಿಟ್ ಮಾಡಿ ಮಾಮೂಲಿ ಹೆಪಾರಿನ್ ಡ್ರಿಪ್‌ನಲ್ಲಿ ಇಟ್ಟು, ಆಪರೇಷನ್ನಿಗೆ 4ರಿಂದ 6 ಗಂಟೆ ಮೊದಲು ನಿಲ್ಲಿಸುತ್ತೇವೆ.

ಸಿರಿಂಜಿನ ವಿಷಯದಲ್ಲೂ ಎಡವುತ್ತಾರೆ. 40 ಮಿ.ಗ್ರಾಂ.ನ ತುಂಬಿದ ಸಿರಿಂಜಿನ ಮೇಲೆ ಗೆರೆಗಳಿರುವುದಿಲ್ಲ, 60 ಮತ್ತು 80ರ ಮೇಲೆ ಇರುತ್ತವೆ. 52 ಕೆ.ಜಿ.ಯವರಿಗೆ 60ರದ್ದನ್ನೇ ತಂದು ಗೆರೆ ನೋಡಿ ಹೆಚ್ಚಿನದನ್ನು ಚೆಲ್ಲಿ ಕೊಡಬೇಕು. ಪೂರ್ತಿ ಡೋಸ್ ಕೊಡುವಾಗ ಒಳಗಿನ ಗಾಳಿಗುಳ್ಳೆಯನ್ನು ಹೊರಹಾಕಬೇಡಿ, ಹಾಕಲು ಹೋದರೆ ಔಷಧಿಯೂ ಚೆಲ್ಲುತ್ತದೆ. ಹೊಟ್ಟೆಯ ಚರ್ಮವನ್ನು ಚಿಮಟಿ ಹಿಡಿದು, ಹೊಕ್ಕುಳಿಂದ ಎರಡು ಇಂಚು ದೂರದಲ್ಲಿ ನೇರವಾಗಿ ಚುಚ್ಚಿ, ಚುಚ್ಚಿದ ಮೇಲೆ ಉಜ್ಜಬೇಡಿ. ಹೊಟ್ಟೆಯ ಆಪರೇಷನ್ ಆದವರಿಗೆ ತೊಡೆಯ ಹೊರಬದಿ.

ಲ್ಯಾಬಿನಲ್ಲೂ ಒಂದು ಕಣ್ಣಿಡಬೇಕು. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಲೆಕ್ಕ. ಗೆರೆಯವರೆಗೆ ತುಂಬದೆ ಅರ್ಧ ತುಂಬಿದರೆ ಸಿಟ್ರೇಟ್ ಹೆಚ್ಚಾಗಿ ಐಎನ್‌ಆರ್ ಸುಳ್ಳೇ ಮೇಲೆ ತೋರಿಸುತ್ತದೆ. ಅದನ್ನು ನಂಬಿ ಮಾತ್ರೆ ಕಡಿಮೆ ಮಾಡಿದರೆ ವಾಲ್ವ್‌ಗೆ ಸಂಚಕಾರ.

ಆಪರೇಷನ್ ಮುಗಿದ ಮೇಲಿನ ಭಾಗಕ್ಕೆ ಬರುತ್ತೇನೆ. ಗುರುವಾರ ಸಂಜೆ, ರಕ್ತ ಒಸರುತ್ತಿಲ್ಲ, ಬಾಯಿಂದ ಕುಡಿಯಬಹುದು ಎಂದಾದರೆ ಅಸಿಟ್ರಾಮ್ ಅದೇ ದಿನ ಶುರು, ಹಳೆಯ ಡೋಸೇ. ಮಾತ್ರೆ ಕೆಲಸ ಹಿಡಿಯಲು ದಿನಗಳೇ ಬೇಕಾದ್ದರಿಂದ ಆ ರಾತ್ರಿ ಅದರಿಂದ ರಕ್ತಸ್ರಾವ ಆಗುವುದಿಲ್ಲ. ಸರ್ಜನ್ನರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಅಪಾಯವಿರುವುದು ಹೆಪಾರಿನ್‌ನಲ್ಲಿ, ಅದು ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುತ್ತದೆ. ಸಣ್ಣ ಆಪರೇಷನ್ನಾದರೆ 24 ಗಂಟೆಯ ನಂತರ, ದೊಡ್ಡದಾದರೆ 48ರಿಂದ 72 ಗಂಟೆಯ ನಂತರ ಪೂರ್ತಿ ಡೋಸ್. ಡ್ರೈನಿನ ಬಾಟಲಿ ನೋಡಿ, ಹಿಮೋಗ್ಲೋಬಿನ್ ನೋಡಿ, ಸರ್ಜನ್ ಜೊತೆ ಮಾತಾಡಿ ಆಮೇಲೆ. ಬೆನ್ನಿನಲ್ಲಿ ಅರಿವಳಿಕೆ ಔಷಧಿ ಹರಿಸುವ ಎಪಿಡ್ಯೂರಲ್ ನಳಿಕೆ ಇದ್ದರೆ ಪೂರ್ತಿ ಡೋಸ್ ಶುರು ಮಾಡುವ ಮೊದಲೇ ಅದನ್ನು ತೆಗೆಸಬೇಕು. ತೆಗೆದ ಮೇಲೆ ಕನಿಷ್ಠ 4 ಗಂಟೆ ಬಿಡಬೇಕು. ಐಎನ್‌ಆರ್ ಸತತ ಎರಡು ದಿನ 2.5 ದಾಟಿದ ಮೇಲೆಯೇ ಈ ರೋಗಿಗೆ ಎನಾಕ್ಸಪ್ಯಾರಿನ್ ನಿಲ್ಲುವುದು. ಒಂದು ದಿನ ದಾಟಿದ್ದು ಸಾಲದು. ಹೆಪಾರಿನ್ ಐದು ದಿನ ಮೀರಿದರೆ ಪ್ಲೇಟ್‌ಲೆಟ್ ಎಣಿಸಬೇಕು. ಅರ್ಧಕ್ಕೆ ಇಳಿದರೆ ಹೆಪಾರಿನ್ನೇ ಕಾರಣ ಎಂದುಕೊಂಡು ಕೂಡಲೇ ನಿಲ್ಲಿಸಬೇಕು.

ಈ ದಿನಗಳಲ್ಲಿ ಐಎನ್‌ಆರ್ ಹಳೆಯ ಡೋಸಿನಲ್ಲೇ ಹಾರಬಹುದು. ವಾರವಿಡೀ ಗಂಜಿ, ಎಳನೀರು. ದಂಟಿನ ಸೊಪ್ಪಿಲ್ಲ, ಬಸ್ಸಾರಿಲ್ಲ. ಅಂದರೆ ಹೊಟ್ಟೆಗೆ ವಿಟಮಿನ್ ಕೆ ಹೋಗುತ್ತಿಲ್ಲ. ಅದರ ಜೊತೆಗೆ ಮೆಟ್ರೋನಿಡಜೋಲ್ ಅಥವಾ ಸಿಪ್ರೋಫ್ಲಾಕ್ಸಾಸಿನ್ ಸೇರಿದರೆ ಐಎನ್‌ಆರ್ 6, 7ಕ್ಕೆ ಹೋಗುವುದು ಆಶ್ಚರ್ಯವಲ್ಲ. ನೋವಿಗೆ ಡೈಕ್ಲೋಫೆನಾಕ್ ಬೇಡ, ಪ್ಯಾರಾಸಿಟಮಾಲ್ ಸಾಕು. ಅದೂ ದಿನಕ್ಕೆ 2 ಗ್ರಾಂ. ಮೀರಿ ಹಲವು ದಿನ ತೆಗೆದುಕೊಂಡರೆ ಐಎನ್‌ಆರ್ ಏರಿಸುತ್ತದೆ. ಮನೆಗೆ ಹೋಗಿ ಸೊಪ್ಪಿನ ಸಾರು ಶುರುವಾದ ಮೇಲೆ ಅದೇ ಐಎನ್‌ಆರ್ ಇಳಿಯುತ್ತದೆ. ಸೊಪ್ಪು ಬಿಡಿ ಎಂದು ಹೇಳುವುದಿಲ್ಲ, ಮೊದಲಿನಷ್ಟೇ ತಿನ್ನಿ ಎನ್ನುತ್ತೇವೆ. ಆಪರೇಷನ್ನಿನ ಮೂರನೇ, ಐದನೇ, ಏಳನೇ ದಿನ ಐಎನ್‌ಆರ್, ಆಮೇಲೆ ಒಂದು ತಿಂಗಳು ವಾರಕ್ಕೊಮ್ಮೆ.

ಕರುಳು ತಿರುಚಿಕೊಂಡೋ ಅಪಘಾತವಾಗಿಯೋ ರಾತ್ರೋರಾತ್ರಿ ಬಂದವರಿಗೆ ಕಾಯಲು ಸಮಯವಿರುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಅಂಶಗಳಿರುವ ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ಕಾನ್ಸಂಟ್ರೇಟ್ ಸಿಕ್ಕರೆ ಐಎನ್‌ಆರ್ ನೋಡಿಕೊಂಡು ಕೆ.ಜಿ.ಗೆ 25ರಿಂದ 50 ಯೂನಿಟ್. ಸಿಗದಿದ್ದರೆ ಪ್ಲಾಸ್ಮಾ, ಕೆ.ಜಿ.ಗೆ 10ರಿಂದ 15 ಮಿ.ಲೀ. 60 ಕೆ.ಜಿ.ಯವರಿಗೆ ಅದು 600ರಿಂದ 900 ಮಿ.ಲೀ. ಆಗುತ್ತದೆ, ಪಂಪಿಂಗ್ ಕಡಿಮೆ ಇರುವವರಿಗೆ ಒಂದೇ ಸಲ ಹರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಡಿಸ್ಚಾರ್ಜ್ ಚೀಟಿಯ ಮೊದಲ ಸಾಲಿನಲ್ಲಿ, ಗಾಯದ ವಿಷಯಕ್ಕೂ ಮುಂಚೆ, ಕನ್ನಡದಲ್ಲಿ ಇಷ್ಟು ಬರೆಯಿಸುತ್ತೇನೆ: ಅಸಿಟ್ರಾಮ್ ಎಷ್ಟು ಮಿ.ಗ್ರಾಂ., ದಿನಾ ಸಂಜೆ 6ಕ್ಕೆ, ಮುಂದಿನ ಐಎನ್‌ಆರ್ ಯಾವ ದಿನ, ಎಷ್ಟು ಬರಬೇಕು. ರೋಗಿಯ ಜೊತೆಗೆ ಮನೆಯವರೊಬ್ಬರನ್ನು ಕೂರಿಸಿಕೊಂಡು ಓದಿ ಹೇಳುತ್ತೇವೆ. ಕೊನೆಗೆ ಒಂದು ಪ್ರಶ್ನೆ: "ರಾತ್ರಿ ಸದ್ದಿಲ್ಲದಾಗ ಎದೆಯಲ್ಲಿ ಟಿಕ್ ಟಿಕ್ ಕೇಳಿಸ್ತದೇನಮ್ಮ?" ಲೋಹದ ವಾಲ್ವ್ ಕೈಗಡಿಯಾರದ ಹಾಗೆ ಸದ್ದು ಮಾಡುತ್ತದೆ, ಪಕ್ಕದಲ್ಲಿ ಮಲಗಿದವರಿಗೂ ಎಷ್ಟೋ ಸಲ ಕೇಳಿಸುತ್ತದೆ. ಆ ಸದ್ದು ಮಂಕಾದರೆ, ನಿಂತರೆ, ಹೊಸದಾಗಿ ಏದುಸಿರು ಬಂದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಬಲ ಕಳೆದುಕೊಂಡರೆ ಬೆಳಗಾಗಲಿ ಎಂದು ಕಾಯಬಾರದು. ಎಕೋ ಮಾಡುವ, ಎಕ್ಸ್‌ರೇ ಪರದೆಯಲ್ಲಿ ವಾಲ್ವ್‌ನ ಎಲೆ ಅಲ್ಲಾಡುವುದನ್ನು ನೋಡಬಲ್ಲ ಹೃದ್ರೋಗ ಆಸ್ಪತ್ರೆಗೆ, ವಾಲ್ವ್ ಕಾರ್ಡ್ ಕೈಯಲ್ಲಿ ಹಿಡಿದು, ಆ ರಾತ್ರಿಯೇ ಹೊರಡಬೇಕು.